ರಾಜಿಯ ಮಾತಿಗೆ ಡಿಕ್ರಿಯ ಬಲ

ನಮ್ಮ ಬೆಳೆಗಾರರ ನಡುವೆ ಹುಟ್ಟುವ ತಕರಾರುಗಳು ಬಹುಪಾಲು ಗೊತ್ತಿರುವಂಥವೇ. ಮೇಲಿನ ತೋಟದಿಂದ ಕೆಳಗಿನ ತೋಟಕ್ಕೆ ಬರುವ ಹಳ್ಳದ ನೀರು, ತೋಟಕ್ಕೆ ಹೋಗುವ ದಾರಿ, ಬೇಲಿ ಸರಿದ ಗಡಿ, ಅಣ್ಣತಮ್ಮಂದಿರ ಪಾಲು, ಚೇಣಿದಾರನಿಂದ ಬರಬೇಕಾದ ಬಾಕಿ, ಕಾಫಿ ಕೊಂಡ ವ್ಯಾಪಾರಿ ಔಟ್‌ಟರ್ನ್ ಹೆಸರು ಹೇಳಿ ಹಿಡಿದಿಟ್ಟುಕೊಂಡ ಹಣ. ಇಂಥವಕ್ಕೆಲ್ಲ ಕೋರ್ಟಿಗೆ ಹೋಗಲು ನಮ್ಮವರು ಹಿಂಜರಿಯುತ್ತಾರೆ. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಊರಿನ ನಾಲ್ಕು ಜನ ಹಿರಿಯರು ಕುಳಿತು, ಎರಡೂ ಕಡೆಯವರ ಮಾತು ಕೇಳಿ, ಒಂದು ಒಪ್ಪಂದಕ್ಕೆ ತಂದು, ಛಾಪಾ ಕಾಗದದ ಮೇಲೆ ಬರೆಸಿ, ರುಜು ಹಾಕಿಸುತ್ತಾರೆ. ಖರ್ಚು ಕಡಿಮೆ, ಕಾಲ ಉಳಿತಾಯ, ಮುಖ ನೋಡಿ ಮಾತನಾಡುವ ಸಂಬಂಧವೂ ಉಳಿಯುತ್ತದೆ. ಈ ಪದ್ಧತಿ ಒಳ್ಳೆಯದೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ನಾವು ಇಲ್ಲಿ ಕೇಳುವುದು ಅದರ ಮುಂದಿನ ಪ್ರಶ್ನೆ. ಎರಡು ವರ್ಷ ಕಳೆದ ಮೇಲೆ ಒಂದು ಕಡೆಯವರು ಆ ಒಪ್ಪಂದವನ್ನು ಮುರಿದರೆ ಪೆಟ್ಟಿಗೆಯಲ್ಲಿಟ್ಟ ಆ ಕಾಗದದಿಂದ ಏನು ಪ್ರಯೋಜನ?

ಒಂದು ಉದಾಹರಣೆ ಇಟ್ಟುಕೊಳ್ಳೋಣ. ರೊಬಸ್ಟಾ ಗಿಡಕ್ಕೆ ಹೂ ಬಿಡಿಸುವ ನೀರು ಫೆಬ್ರವರಿ, ಮಾರ್ಚಿಯಲ್ಲಿ ಬೇಕು. ಅಡಿಕೆ ತೋಟಕ್ಕೂ ಬೇಸಿಗೆಯಲ್ಲೇ ನೀರು ಬೇಕು. ಹಳ್ಳ ಒಂದೇ. ವಾರದಲ್ಲಿ ಯಾವ ದಿನ ಯಾರು ಪಂಪು ಹಾಕಬೇಕೆಂದು ಹಿರಿಯರ ಎದುರು ಒಪ್ಪಂದವಾಗಿದೆ. ಒಂದು ವರ್ಷ ಮಳೆ ಕೈಕೊಟ್ಟಿತು, ಮೇಲಿನ ತೋಟದವರು ಏಳು ದಿನವೂ ಪಂಪು ಓಡಿಸಿದರು. ಕೆಳಗಿನವರು ಒಪ್ಪಂದದ ಕಾಗದ ಹಿಡಿದು ವಕೀಲರ ಬಳಿ ಹೋದರೆ ಸಿಗುವ ಉತ್ತರ ಇಷ್ಟೇ: ದಾವೆ ಹಾಕಿ, ಒಪ್ಪಂದ ಆಗಿದ್ದು ನಿಜವೆಂದು ರುಜುವಾತು ಮಾಡಿ, ಸಾಕ್ಷಿ ಹೇಳಿಸಿ, ತೀರ್ಪು ಪಡೆದು ಬನ್ನಿ. ಅಷ್ಟರಲ್ಲಿ ಆ ವರ್ಷದ ಹೂವಿನ ಕಾಲ ಮುಗಿದಿರುತ್ತದೆ. ಯಾವ ಕೋರ್ಟನ್ನು ತಪ್ಪಿಸಲು ರಾಜಿ ಮಾಡಿಕೊಂಡೆವೋ ಅದೇ ಕೋರ್ಟಿನಲ್ಲಿ ಮೊದಲ ಮೆಟ್ಟಿಲಿನಿಂದ ಹತ್ತಬೇಕಾಯಿತು.

ಕಾನೂನಿನ ಕಣ್ಣಿನಲ್ಲಿ ಆ ಕಾಗದ

ಹೀಗಾಗಲು ಕಾರಣವಿದೆ. ಖಾಸಗಿಯಾಗಿ ಮಾಡಿಕೊಂಡ ರಾಜಿ ಪತ್ರ 1872ನೇ ಇಸವಿಯ ಕರಾರು ಕಾನೂನಿನ ಪ್ರಕಾರ ಒಂದು ಕರಾರು ಮಾತ್ರ. ಕರಾರು ಮುರಿದರೆ ದಾವೆ ಹೂಡುವ ಹಕ್ಕು ಬರುತ್ತದೆ. ಅದಕ್ಕೂ ಸಾಮಾನ್ಯವಾಗಿ 3 ವರ್ಷದ ವಾಯಿದೆ ಉಂಟು. ದಾವೆ ಗೆದ್ದ ಮೇಲೆ ಡಿಕ್ರಿ. ಡಿಕ್ರಿಯ ಮೇಲೆ ಅಮಲ್ಜಾರಿ.

ಡಿಕ್ರಿ ಕೈಯಲ್ಲಿದ್ದರೆ ಮಾತು ಬೇರೆ. ಯಾರು ಸರಿ, ಯಾರು ತಪ್ಪು ಎಂಬ ವಿಚಾರಣೆ ಮತ್ತೆ ಇಲ್ಲ. ಅಮಲ್ಜಾರಿ ಅರ್ಜಿ ಹಾಕಿದರೆ ಸಾಕು. ಹಣದ ವಿಷಯವಾದರೆ ಆಸ್ತಿ ಜಪ್ತಿ ಮಾಡಿಸಬಹುದು; ಸ್ವಾಧೀನದ ವಿಷಯವಾದರೆ ಕೋರ್ಟಿನ ಅಮೀನರು ಬಂದು ಸ್ವಾಧೀನ ಕೊಡಿಸುತ್ತಾರೆ; ಅಡ್ಡಿ ಮಾಡಬಾರದೆಂಬ ನಿರ್ಬಂಧವನ್ನು ಬೇಕೆಂದೇ ಮೀರಿದವರ ಆಸ್ತಿ ಜಪ್ತಿ ಮಾಡಲೂ, ಅವರನ್ನು ಸಿವಿಲ್ ಬಂಧನದಲ್ಲಿಡಲೂ ನ್ಯಾಯಾಲಯಕ್ಕೆ ಅಧಿಕಾರವುಂಟು. 1963ರ ಕಾಲಮಿತಿ ಕಾನೂನಿನಂತೆ ಡಿಕ್ರಿಯ ಅಮಲ್ಜಾರಿಗೆ 12 ವರ್ಷಗಳ ಅವಕಾಶ. ಶಾಶ್ವತ ನಿರ್ಬಂಧದ ಡಿಕ್ರಿಗಾದರೆ ಕಾಲಮಿತಿಯೇ ಇಲ್ಲ.

ಆದುದರಿಂದ ನಮ್ಮ ಸದಸ್ಯರು ಮನಸ್ಸಿನಲ್ಲಿಡಬೇಕಾದ ಮಾತು ಒಂದೇ. ರಾಜಿ ಆಯಿತು ಎಂದು ಎದ್ದುಬಿಡಬಾರದು. ಆದ ರಾಜಿಯನ್ನು ಡಿಕ್ರಿಯ ಬಲ ಕೊಡುವ ಯಾವುದಾದರೊಂದು ಬಾಗಿಲಿನಿಂದ ಹಾಯಿಸಿಕೊಳ್ಳಬೇಕು. ಎರಡೂ ಕಡೆಯವರ ಮನಸ್ಸು ಒಂದಾಗಿರುವಾಗಲೇ ಈ ಕೆಲಸ ಆಗಬೇಕು. ಮನಸ್ಸು ಮುರಿದ ಮೇಲೆ ಯಾರೂ ಬಂದು ರುಜು ಹಾಕುವುದಿಲ್ಲ.

ಇರುವ ಬಾಗಿಲುಗಳು

ಮೊದಲನೆಯದು, ಈಗಾಗಲೇ ದಾವೆ ನಡೆಯುತ್ತಿರುವವರಿಗೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 23ನೇ ಆದೇಶದ 3ನೇ ನಿಯಮದಂತೆ, ಬರವಣಿಗೆಯಲ್ಲಿದ್ದು ಪಕ್ಷಕಾರರು ರುಜು ಮಾಡಿದ ಕಾನೂನುಬದ್ಧ ರಾಜಿಯನ್ನು ನ್ಯಾಯಾಲಯ ದಾಖಲಿಸಿಕೊಂಡು ಅದರಂತೆ ಡಿಕ್ರಿ ಮಾಡುತ್ತದೆ. ನ್ಯಾಯಾಲಯವೇ ಪಕ್ಷಕಾರರನ್ನು ಮಧ್ಯಸ್ಥಿಕೆಗೆ ಕಳುಹಿಸುವ 89ನೇ ಕಲಮು 2002ರ ಜುಲೈ 1ರಿಂದ ಜಾರಿಯಲ್ಲಿದೆ. ನಮ್ಮ ರಾಜ್ಯದಲ್ಲಿ ಹೈಕೋರ್ಟಿನ ಆಶ್ರಯದಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ 2007ರಲ್ಲಿ ಆರಂಭವಾಯಿತು. ಮಧ್ಯಸ್ಥಿಕೆಯಲ್ಲಿ ಆದ ಒಪ್ಪಂದ ಅಲ್ಲಿಗೇ ನಿಲ್ಲಬಾರದು, ಕೇಸನ್ನು ಕಳುಹಿಸಿದ ನ್ಯಾಯಾಲಯದ ಮುಂದೆ ಬಂದು ದಾಖಲಾಗಬೇಕೆಂದು ಸುಪ್ರೀಂ ಕೋರ್ಟು 2010ರ ಆಫ್ಕಾನ್ಸ್ ಪ್ರಕರಣದಲ್ಲಿ ವಿವರಿಸಿದೆ. ಹೊರಗಡೆ ರಾಜಿಯಾಗಿ, "ಕೇಸು ವಾಪಸು ತೆಗೆದರಾಯಿತು" ಎಂದು ದಾವೆಯನ್ನು ಸುಮ್ಮನೆ ಹಿಂತೆಗೆದುಕೊಂಡರೆ ಕೈಯಲ್ಲಿ ಉಳಿಯುವುದು ಬರಿಯ ಕರಾರು. ದಾವೆ ಹಿಂತೆಗೆಯಬೇಡಿ, ರಾಜಿ ಡಿಕ್ರಿ ಕೇಳಿ.

ಎರಡನೆಯದು ಲೋಕ ಅದಾಲತ್ತು. ಇದು ಸಣ್ಣ ಬೆಳೆಗಾರರಿಗೆ ಅತಿ ಸಮೀಪದ ಬಾಗಿಲು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮ 1995ರ ನವೆಂಬರ್ 9ರಂದು ಜಾರಿಗೆ ಬಂದಿತು. ಅದರ 21ನೇ ಕಲಮಿನಂತೆ ಲೋಕ ಅದಾಲತ್ತಿನ ಅವಾರ್ಡು ಸಿವಿಲ್ ನ್ಯಾಯಾಲಯದ ಡಿಕ್ರಿಯೆಂದೇ ಎಣಿಕೆ. ಅದರ ಮೇಲೆ ಅಪೀಲು ಇಲ್ಲ. ನಡೆಯುತ್ತಿದ್ದ ದಾವೆ ಅಲ್ಲಿ ಮುಗಿದರೆ ಕಟ್ಟಿದ ಕೋರ್ಟು ಶುಲ್ಕ ವಾಪಸು ಬರುತ್ತದೆ. ನಮ್ಮ ಎಷ್ಟೋ ಮಂದಿಗೆ ತಿಳಿಯದ ಸಂಗತಿಯೆಂದರೆ, ಲೋಕ ಅದಾಲತ್ತಿಗೆ ಹೋಗಲು ಕೇಸು ಇರಲೇಬೇಕೆಂದಿಲ್ಲ. ದಾವೆ ಹೂಡುವ ಮುಂಚೆಯೇ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಕೊಡಬಹುದು. ಸಮಿತಿಯ ಕಚೇರಿ ತಾಲ್ಲೂಕಿನ ನ್ಯಾಯಾಲಯದ ಆವರಣದಲ್ಲೇ ಇರುವುದು ರೂಢಿ. ಊರಿನ ಹಿರಿಯರ ಎದುರು ಆಗಿರುವ ಒಪ್ಪಂದವನ್ನು ಎರಡೂ ಕಡೆಯವರು ಅಲ್ಲಿಗೆ ಕೊಂಡೊಯ್ದು, ಇದು ನಮಗೆ ಒಪ್ಪಿಗೆ ಎಂದು ಹೇಳಿ ಅವಾರ್ಡು ಮಾಡಿಸಿಕೊಳ್ಳಬಹುದು. ಲೋಕ ಅದಾಲತ್ತು ಯಾರ ಮೇಲೂ ತೀರ್ಪು ಹೇರುವಂತಿಲ್ಲ. ಒಪ್ಪಿಗೆಯಿದ್ದರೆ ಮಾತ್ರ ಅವಾರ್ಡು ಎಂದು ಸುಪ್ರೀಂ ಕೋರ್ಟು 2008ರ ಜಲೌರ್ ಸಿಂಗ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಮೂರನೆಯದು ಫಸಲು ಮಾರಿದ ಹಣದ ಬಗ್ಗೆ. ಸರಕು ಮಾರಾಟದ ತಕರಾರಿನ ಮೊತ್ತ 3 ಲಕ್ಷ ರೂಪಾಯಿ ಮುಟ್ಟಿದರೆ ಅದು 2015ರ ವಾಣಿಜ್ಯ ನ್ಯಾಯಾಲಯಗಳ ಕಾನೂನಿನ ವ್ಯಾಪ್ತಿಗೆ ಬರುತ್ತದೆ. ತುರ್ತು ಪರಿಹಾರ ಬೇಡುವಂಥ ಸಂದರ್ಭದ ಹೊರತು, ದಾವೆಗೆ ಮುಂಚೆ ಮಧ್ಯಸ್ಥಿಕೆಗೆ ಹೋಗಲೇಬೇಕೆಂದು 2018ರಲ್ಲಿ ಸೇರಿದ 12ಎ ಕಲಮು ಹೇಳುತ್ತದೆ. ಇದು ಕಡ್ಡಾಯವೆಂದು ಸುಪ್ರೀಂ ಕೋರ್ಟು 2022ರಲ್ಲಿ ಖಚಿತಪಡಿಸಿತು. ವ್ಯಾಪಾರಿಯ ಮೇಲೆ ನೇರವಾಗಿ ದಾವೆ ಹಾಕಿ, ಆಮೇಲೆ ಅದು ಈ ಕಾರಣಕ್ಕೆ ತಿರಸ್ಕಾರವಾದರೆ ಕಾಲವೂ ಹಣವೂ ದಂಡ. ಈ ಮಧ್ಯಸ್ಥಿಕೆಯಲ್ಲಿ ಆಗುವ ರಾಜಿಯನ್ನೂ ಡಿಕ್ರಿಯಂತೆಯೇ ಅಮಲು ಮಾಡಿಸಬಹುದು.

ನಾಲ್ಕನೆಯದು ಹೊಸ ಬಾಗಿಲು. 2023ರ ಸೆಪ್ಟೆಂಬರಿನಲ್ಲಿ ರಾಷ್ಟ್ರಪತಿಯವರ ಅಂಕಿತ ಬಿದ್ದ ಮಧ್ಯಸ್ಥಿಕೆ ಅಧಿನಿಯಮ ನಾವು ಚರ್ಚಿಸುತ್ತಿರುವ ಕೊರತೆಯನ್ನೇ ನೀಗಿಸಲು ಬಂದದ್ದು. ಪಕ್ಷಕಾರರು ತಾವೇ ಒಪ್ಪಿ ನೇಮಿಸಿಕೊಂಡ ಮಧ್ಯಸ್ಥರ ಎದುರು ಆದ ಒಪ್ಪಂದ ಬರವಣಿಗೆಯಲ್ಲಿದ್ದು, ಪಕ್ಷಕಾರರ ರುಜುವೂ ಮಧ್ಯಸ್ಥರ ದೃಢೀಕರಣವೂ ಇದ್ದರೆ, ಅದನ್ನು ನ್ಯಾಯಾಲಯದ ತೀರ್ಪು ಅಥವಾ ಡಿಕ್ರಿಯಂತೆಯೇ ಅಮಲು ಮಾಡಿಸಬಹುದೆಂದು 27ನೇ ಕಲಮು ಹೇಳುತ್ತದೆ. ಮಧ್ಯಸ್ಥಿಕೆ 120 ದಿನಗಳಲ್ಲಿ ಮುಗಿಯಬೇಕು. ಇಬ್ಬರೂ ಒಪ್ಪಿದರೆ ಇನ್ನು 60 ದಿನ. ಬೇಕೆನಿಸಿದರೆ ಒಪ್ಪಂದವನ್ನು 180 ದಿನಗಳೊಳಗೆ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ನೋಂದಾಯಿಸಬಹುದು. ಮೋಸ, ಭ್ರಷ್ಟಾಚಾರ, ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ರುಜು ಮಾಡಿದ್ದು, ಮಧ್ಯಸ್ಥಿಕೆಗೆ ತಕ್ಕದ್ದಲ್ಲದ ವಿಷಯ ಎಂಬ ನಾಲ್ಕು ಕಾರಣಗಳಿಗೆ ಮಾತ್ರ ಅದನ್ನು ಪ್ರಶ್ನಿಸಬಹುದು. ಅದೂ 90 ದಿನಗಳೊಳಗೆ, ತಕ್ಕ ಕಾರಣ ತೋರಿದರೆ ಮತ್ತೆ 90 ದಿನ. ಆದರೆ ಎಚ್ಚರಿಕೆ: ಈ ಕಾನೂನು ಒಂದೇ ಸಲ ಪೂರ್ತಿಯಾಗಿ ಜಾರಿಗೆ ಬಂದದ್ದಲ್ಲ. 2023ರ ಅಕ್ಟೋಬರ್ 9ರಂದು ಜಾರಿಯಾದ ಕಲಮುಗಳ ಪಟ್ಟಿಯಲ್ಲಿ 27ನೆಯದು ಇರಲಿಲ್ಲ. ಆದುದರಿಂದ ಈ ಬಾಗಿಲು ತಟ್ಟುವ ಮೊದಲು ಯಾವ ಕಲಮು ಯಾವ ದಿನದಿಂದ ಜಾರಿ ಎಂಬುದನ್ನು ಕಾನೂನು ಸೇವೆಗಳ ಸಮಿತಿಯಲ್ಲೋ ವಕೀಲರಲ್ಲೋ ಕೇಳಿಕೊಂಡೇ ಮುಂದುವರಿಯತಕ್ಕದ್ದು. ಎರಡನೆಯ ಬಾಗಿಲಿಗೆ ಇಂಥ ತೊಡಕಿಲ್ಲ.

ಅದೇ ಕಾನೂನಿನಲ್ಲಿ ನಮ್ಮವರು ಎಡವಬಹುದಾದ ಇನ್ನೊಂದು ಸ್ಥಳವಿದೆ. ಒಂದು ಪ್ರದೇಶದ ಜನರ ನಡುವಿನ ಶಾಂತಿ ಸೌಹಾರ್ದಕ್ಕಾಗಿ ಮೂವರು ಮಧ್ಯಸ್ಥರ ಸಮುದಾಯ ಮಧ್ಯಸ್ಥಿಕೆಗೆ 43 ಮತ್ತು 44ನೇ ಕಲಮುಗಳು ಅವಕಾಶ ಕೊಡುತ್ತವೆ. ಊರಿನ ಪಂಚಾಯ್ತಿಕೆಯನ್ನು ಹೋಲುವ ಏರ್ಪಾಡು ಇದೇ. ಆದರೆ ಇದರಲ್ಲಿ ಆದ ಒಪ್ಪಂದಕ್ಕೆ ಡಿಕ್ರಿಯ ಬಲ ಇಲ್ಲವೆಂದು ಕಾನೂನೇ ಹೇಳಿದೆ. ಹೆಸರು ಒಂದೇ ಮಧ್ಯಸ್ಥಿಕೆಯಾದರೂ ಫಲ ಬೇರೆ.

ಪಂಚರು ತಾವಾಗಿ "ನಮ್ಮ ತೀರ್ಮಾನ ಇದು, ಇಬ್ಬರೂ ಪಾಲಿಸಿ" ಎಂದರೆ ಅದು ರಾಜಿಯೂ ಅಲ್ಲ, ಮಧ್ಯಸ್ಥಿಕೆಯೂ ಅಲ್ಲ. ಪಂಚರ ತೀರ್ಪಿಗೆ ಬಲ ಬರಬೇಕಾದರೆ, ಇವರ ತೀರ್ಪಿಗೆ ಬದ್ಧರಾಗುತ್ತೇವೆ ಎಂಬ ಲಿಖಿತ ಕರಾರು ಇದ್ದು, ಎಲ್ಲವೂ 1996ರ ಆರ್ಬಿಟ್ರೇಷನ್ ಕಾನೂನಿನಂತೆ ನಡೆಯಬೇಕು. ದಂಡ ಹಾಕುವುದು, ಬಹಿಷ್ಕಾರದ ಬೆದರಿಕೆ ಒಡ್ಡುವುದು ಯಾವ ಕಾನೂನಿಗೂ ಒಪ್ಪುವ ಮಾತಲ್ಲ.

ರಾಜಿಗೆ ಸಿಗದ ವಿಷಯಗಳು

ಎಲ್ಲವನ್ನೂ ಇಬ್ಬರು ಕೂತು ಬರೆದುಕೊಳ್ಳಲಾಗುವುದಿಲ್ಲ. ನಮ್ಮದಲ್ಲದ್ದನ್ನು ನಾವು ಹಂಚಿಕೊಳ್ಳಲು ಬರುವುದಿಲ್ಲ. ಸೊಪ್ಪಿನ ಬೆಟ್ಟವಾಗಲಿ, ಪೈಸಾರಿಯಾಗಲಿ, ಸರ್ಕಾರದ ಜಾಗವನ್ನು ತಮ್ಮೊಳಗೆ ಪಾಲು ಮಾಡಿಕೊಂಡ ಪತ್ರ ಸರ್ಕಾರವನ್ನು ಕಟ್ಟಿಹಾಕದು, ಒಡೆತನವನ್ನೂ ಕೊಡದು. ಹೊಳೆ ಹಳ್ಳಗಳೂ 1964ರ ಭೂಕಂದಾಯ ಕಾನೂನಿನಂತೆ ಸರ್ಕಾರದ್ದೇ. ನೀರಿನ ಸರದಿಯ ಒಪ್ಪಂದ ರುಜು ಹಾಕಿದ ಇಬ್ಬರನ್ನು ಮಾತ್ರ ಕಟ್ಟುತ್ತದೆ. ಇನ್ನೂ ಕೆಳಗಿರುವ ಮೂರನೆಯ ತೋಟದವರನ್ನಲ್ಲ. ಅವರಿಗೂ ಸಂಬಂಧವಿದ್ದರೆ ಅವರನ್ನೂ ಕರೆದು ಕೂರಿಸಬೇಕು.

ಪಾಲಿನ ವಿಷಯಕ್ಕೆ ಹೆಚ್ಚಿನ ಜಾಗ್ರತೆ ಬೇಕು. ಮೊದಲೇ ಬಾಯಿಮಾತಿನಲ್ಲಿ ಆಗಿಹೋದ ಕುಟುಂಬದ ಏರ್ಪಾಡನ್ನು ನೆನಪಿಗಾಗಿ ಬರೆದಿಟ್ಟರೆ ಅದಕ್ಕೆ ನೋಂದಣಿ ಬೇಡ. ಆ ಪತ್ರವೇ ಹಕ್ಕು ಹುಟ್ಟಿಸುವುದಾದರೆ ನೋಂದಣಿ ಬೇಕು ಎಂಬ ವ್ಯತ್ಯಾಸವನ್ನು ಸುಪ್ರೀಂ ಕೋರ್ಟು 1976ರ ಕಾಳೆ ಪ್ರಕರಣದಲ್ಲಿ ಹೇಳಿತ್ತು. ಆದರೆ ಹಿಂದೂ ವಾರಸಾ ಕಾನೂನಿಗೆ 2005ರಲ್ಲಿ ತಿದ್ದುಪಡಿಯಾಗಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಬಂದ ಮೇಲೆ, ಬಾಯಿಮಾತಿನ ಪಾಲನ್ನು ನಂಬಿ ಕೂರುವುದು ಅಪಾಯ. ನೋಂದಾಯಿತ ಪಾಲುಪಟ್ಟಿ ಅಥವಾ ಕೋರ್ಟಿನ ಡಿಕ್ರಿಯನ್ನೇ ಕಾನೂನು ಮುಖ್ಯವಾಗಿ ನೋಡುತ್ತದೆ. ಮದುವೆಯಾಗಿ ಹೋದ ಅಕ್ಕತಂಗಿಯರನ್ನು ಬಿಟ್ಟು ಗಂಡುಮಕ್ಕಳಷ್ಟೇ ರುಜು ಹಾಕಿದ ರಾಜಿ ಇಂದಲ್ಲ ನಾಳೆ ಬಿರುಕು ಬಿಡುತ್ತದೆ. ದಾವೆಯಲ್ಲಿ ಪಕ್ಷಕಾರರಾಗಿರುವ ಅಪ್ರಾಪ್ತ ವಯಸ್ಸಿನ ಮಕ್ಕಳ ಪರವಾಗಿ ರಾಜಿ ಮಾಡಲು ನ್ಯಾಯಾಲಯದ ಅನುಮತಿ ಬೇಕು. ರಾಜಿ ಡಿಕ್ರಿಯಲ್ಲಿ ದಾವೆಗೆ ಒಳಪಡದ ಜಮೀನನ್ನೂ ಸೇರಿಸಿದರೆ ಅದಕ್ಕೆ ನೋಂದಣಿ ಬೇಕಾಗುತ್ತದೆ. ಲೋಕ ಅದಾಲತ್ತಿನ ರಾಜಿ ಎಂದ ಮಾತ್ರಕ್ಕೆ ಮುದ್ರಾಂಕ ಶುಲ್ಕ, ನೋಂದಣಿಗಳ ಪ್ರಶ್ನೆ ತಾನಾಗಿ ಮುಗಿದುಹೋಗುವುದಿಲ್ಲ. ಇವನ್ನೆಲ್ಲ ವಕೀಲರ ಕಣ್ಣಿಗೆ ಹಾಕಿಯೇ ಮುಂದುವರಿಯುವುದು ಕ್ಷೇಮ.

ಸಹಕಾರ ಸಂಘಕ್ಕೂ ಸದಸ್ಯನಿಗೂ ನಡುವೆ ಸಂಘದ ವ್ಯವಹಾರದ ಬಗ್ಗೆ ತಕರಾರು ಬಂದರೆ ಅದರ ದಾರಿಯೇ ಬೇರೆ. 1959ರ ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮದ 70ನೇ ಕಲಮಿನಂತೆ ಅದು ಸಹಕಾರ ಸಂಘಗಳ ರಿಜಿಸ್ಟ್ರಾರರ ಮುಂದೆ ಹೋಗತಕ್ಕದ್ದು.

ಬರೆಯುವ ಕ್ರಮ

ಡಿಕ್ರಿ ಆದ ಮಾತ್ರಕ್ಕೆ ಎಲ್ಲವೂ ಆಯಿತೆಂದಲ್ಲ. ಅಮಲು ಮಾಡಲು ಬರುವಂಥ ಮಾತು ಅದರಲ್ಲಿರಬೇಕು. "ಇಬ್ಬರೂ ಹೊಂದಾಣಿಕೆಯಿಂದ ನೀರು ಬಳಸತಕ್ಕದ್ದು" ಎಂದು ಬರೆದರೆ ಕೇಳಲು ಚೆಂದ. ಹೊಂದಾಣಿಕೆಯನ್ನು ಯಾವ ಅಮೀನರೂ ಜಾರಿ ಮಾಡಲಾರರು. ಅದರ ಬದಲು ಹೀಗೆ ಬರೆಯಬೇಕು: ಇಂಥ ಸರ್ವೆ ನಂಬರಿನ ಪಕ್ಕದ ಕಟ್ಟೆಯಿಂದ, ಪ್ರತಿ ವರ್ಷ ಫೆಬ್ರವರಿ 1ರಿಂದ ಮೇ 31ರವರೆಗೆ, ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ ಎರಡನೆಯ ಪಕ್ಷದವರು 5 ಅಶ್ವಶಕ್ತಿಯ ಒಂದು ಪಂಪು ಮಾತ್ರ ಓಡಿಸತಕ್ಕದ್ದು, ಮಂಗಳವಾರ, ಗುರುವಾರ, ಶನಿವಾರ ಅದೇ ವೇಳೆಯಲ್ಲಿ ಅದೇ ಮಿತಿಯಲ್ಲಿ ಮೊದಲನೆಯ ಪಕ್ಷದವರು, ಉಳಿದ ವೇಳೆಯಲ್ಲಿ ಯಾರೂ ಪಂಪು ಹಾಕಕೂಡದು, ನೀರು ಕಟ್ಟೆಯ ಗುರುತಿನ ಕಲ್ಲಿಗಿಂತ ಕೆಳಗಿಳಿದರೆ ಇಬ್ಬರೂ ನಿಲ್ಲಿಸತಕ್ಕದ್ದು. ಬರಗಾಲದ ವರ್ಷಕ್ಕೆ ಏನೆಂಬುದನ್ನು ಮಳೆ ಚೆನ್ನಾಗಿರುವ ವರ್ಷವೇ ಬರೆದಿಡಬೇಕು. ಜಗಳ ಬರುವುದು ಬರಗಾಲದಲ್ಲೇ.

ದಾರಿಯ ವಿಷಯವಾದರೆ ಎಲ್ಲಿಂದ ಎಲ್ಲಿಗೆ, ಎಷ್ಟು ಅಡಿ ಅಗಲ, ಕಾಲ್ದಾರಿಯೋ ಪಿಕಪ್ ಗಾಡಿ ಹೋಗುವ ದಾರಿಯೋ, ಗೇಟಿನ ಬೀಗದ ಕೈ ಯಾರ ಬಳಿ ಎಂಬುದು ಬರಬೇಕು. ಸರ್ವೆ ನಂಬರು, ಚಕ್ಕುಬಂದಿ ಬರೆದು, ಅಳತೆ ಮಾಡಿಸಿದ ನಕ್ಷೆಯನ್ನು ಲಗತ್ತಿಸಿ, ಅದಕ್ಕೂ ಇಬ್ಬರ ರುಜು ಹಾಕಿಸಬೇಕು.

ಹಣದ ವಿಷಯವಾದರೆ "ಫಸಲು ಬಂದ ಮೇಲೆ ಕೊಡತಕ್ಕದ್ದು" ಎಂಬ ಮಾತು ಬೇಡ. 1,80,000 ರೂಪಾಯಿ ಬಾಕಿಯಿದ್ದರೆ 60,000 ರೂಪಾಯಿಯ ಮೂರು ಕಂತು, ಪ್ರತಿ ಕಂತಿನ ತಾರೀಖು, ಯಾವ ಬ್ಯಾಂಕು ಖಾತೆಗೆ ಎಂಬುದು ಬೇಕು. ಒಂದು ಕಂತು ತಪ್ಪಿದರೆ ಉಳಿದ ಪೂರ್ತಿ ಹಣ ಇಂತಿಷ್ಟು ಬಡ್ಡಿಯೊಂದಿಗೆ ಕೂಡಲೇ ಸಲ್ಲತಕ್ಕದ್ದು ಎಂಬ ಷರತ್ತು ಇರಬೇಕು. ಈ ಒಂದು ಸಾಲು ಇಲ್ಲದಿದ್ದರೆ ಪ್ರತಿ ಕಂತಿಗೂ ಬೇರೆಬೇರೆ ಅಲೆದಾಟ.

ಬರೆದದ್ದನ್ನು ಎಲ್ಲರ ಎದುರು ಗಟ್ಟಿಯಾಗಿ ಓದಿ ಹೇಳಬೇಕು. ಹೆಬ್ಬೆಟ್ಟು ಒತ್ತುವವರಿದ್ದರೆ ಓದಿ ತಿಳಿಸಲಾಗಿದೆ ಎಂಬ ಷರಾ ಬೇಕು. ಒಂದು ರಾತ್ರಿಯಾದರೂ ಯೋಚನೆಗೆ ಬಿಟ್ಟು ಮಾರನೆಯ ದಿನ ರುಜು ಹಾಕಿಸುವುದು ಒಳ್ಳೆಯ ರೂಢಿ.

ಬಲ ಬಂದಷ್ಟೂ ಜವಾಬ್ದಾರಿ

ಹಿರಿಯರೊಬ್ಬರ ಮಾತಿಗೆ ಕೋರ್ಟಿನ ಮೊಹರು ಯಾಕೆ, ಅದರಿಂದ ನಂಬಿಕೆಯೇ ಹಾಳಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಮೊದಲು ಊರಿನಲ್ಲಿ ಮಾತು ತಪ್ಪಿದವನಿಗೆ ಊರೇ ಅಂಕುಶವಾಗಿತ್ತು. ಈಗ ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದಾರೆ. ತೋಟಗಳು ಕೈ ಬದಲಾಗುತ್ತಿವೆ. ಒಪ್ಪಂದಕ್ಕೆ ಕೂತಿದ್ದ ಹಿರಿಯರು ತೀರಿಹೋಗುತ್ತಾರೆ. ಮಾತಿನ ಸಾಕ್ಷಿ ಹೋದ ಮೇಲೆ ಉಳಿಯುವುದು ಪತ್ರ ಒಂದೇ. ಬಾಗಿಲಿಗೆ ಚಿಲಕ ಹಾಕುವುದರಿಂದ ನೆರೆಯವರ ಮೇಲೆ ಅಪನಂಬಿಕೆ ತೋರಿಸಿದಂತಾಗುವುದಿಲ್ಲ.

ಆದರೆ ಚಿಂತೆ ಇರುವುದು ಬೇರೆ ಕಡೆ. ರಾಜಿ ಡಿಕ್ರಿಯ ಮೇಲೆ ಸಾಮಾನ್ಯವಾಗಿ ಅಪೀಲು ಇಲ್ಲ. ಅದು ಕಾನೂನುಬದ್ಧವಲ್ಲವೆಂದು ಹೊಸ ದಾವೆ ಹಾಕಲೂ ಬರುವುದಿಲ್ಲ, ಡಿಕ್ರಿ ಮಾಡಿದ ನ್ಯಾಯಾಲಯಕ್ಕೇ ಹೋಗಬೇಕು. ಹತ್ತು ಎಕರೆಯವರ ಎದುರು ಒಂದು ಎಕರೆಯವರು, ಅಣ್ಣಂದಿರ ಎದುರು ವಿಧವೆಯಾದ ತಂಗಿ, ವ್ಯಾಪಾರಿಯಿಂದ ಮುಂಗಡ ಪಡೆದ ಬೆಳೆಗಾರ, ಇವರೆಲ್ಲ ದಾಕ್ಷಿಣ್ಯಕ್ಕೋ ಹೆದರಿಕೆಗೋ ಹಾಕಿದ ರುಜುವಿಗೂ ಅಷ್ಟೇ ಬಲ ಬಂದುಬಿಡುತ್ತದೆ. ಆದುದರಿಂದ ಮಧ್ಯಸ್ಥರಾಗಿ ಕೂರುವ ಹಿರಿಯರು ದುರ್ಬಲರನ್ನು ಪ್ರತ್ಯೇಕವಾಗಿ ಕರೆದು, ಇದು ನಿಮಗೆ ನಿಜವಾಗಿ ಒಪ್ಪಿಗೆಯೇ ಎಂದು ಕೇಳುವುದು ಅಗತ್ಯ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಡಿಮೆ ವರಮಾನದವರಿಗೆ ಉಚಿತ ಕಾನೂನು ನೆರವು 1987ರ ಕಾನೂನಿನಂತೆಯೇ ದೊರೆಯುತ್ತದೆ; ರುಜು ಹಾಕುವ ಮುಂಚೆ ಅದನ್ನು ಬಳಸಿಕೊಳ್ಳಬೇಕು. ರಾಜಿಯಾಗದೆ ಮುರಿದುಬಿದ್ದರೆ, ಮಾತುಕತೆಯಲ್ಲಿ ಯಾರು ಏನು ಬಿಟ್ಟುಕೊಡಲು ಸಿದ್ಧರಿದ್ದರೆಂಬುದನ್ನು ಮಧ್ಯಸ್ಥರು ಹೊರಗೆ ಆಡಬಾರದು.

ಸದಸ್ಯ ಬಾಂಧವರು ಈ ಮಳೆಗಾಲದ ಬಿಡುವಿನಲ್ಲಿ ತಮ್ಮ ಬಳಿಯಿರುವ ಹಳೆಯ ರಾಜಿ ಪತ್ರಗಳನ್ನು ತೆಗೆದು ಒಮ್ಮೆ ಓದಿ ನೋಡಲಿ. ಇನ್ನೂ ಎರಡೂ ಕಡೆಯವರು ಪಾಲಿಸಿಕೊಂಡು ಬರುತ್ತಿರುವ ಒಪ್ಪಂದಗಳಿದ್ದರೆ, ಅವನ್ನೇ ತಿದ್ದಿ ಸ್ಪಷ್ಟವಾಗಿ ಬರೆಸಿ, ಇಬ್ಬರೂ ಜೊತೆಯಾಗಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಹೋಗಿ, ಮುಂದಿನ ಲೋಕ ಅದಾಲತ್ತಿನ ತಾರೀಖು ಕೇಳಿ ಬರಲಿ. ಫೆಬ್ರವರಿಯಲ್ಲಿ ಪಂಪು ಹೊತ್ತು ಹಳ್ಳಕ್ಕೆ ಇಳಿಯುವ ಮುಂಚೆ ಈ ಕೆಲಸ ಮುಗಿದಿದ್ದರೆ ಇಬ್ಬರಿಗೂ ನಿಶ್ಚಿಂತೆ.